ಶೋಕೇಸಿನೊಳಗಿನ ಧಗೆ

ನಮ್ಮ ಆರ್.ಟಿ. ನಗರದ ಮನೆಯಲ್ಲಿ ಯಾವ ಸಾಮಾನು ಕೆಟ್ಟರೂ ಮೊದಲು ನಡೆಯುವುದು ರಿಪೇರಿಯಲ್ಲ, ವಿಚಾರಣೆ. ಮಿಕ್ಸಿ ಸುಟ್ಟರೆ ಕೊನೆಗೆ ರುಬ್ಬಿದವರು ಯಾರು? ನಲ್ಲಿ ಸೋರಿದರೆ ತಿರುಗಿಸಿದವರು ಯಾರು? 2013ರ ಬೇಸಿಗೆಯಲ್ಲಿ ಮಗನ ಪ್ಲೇಸ್ಟೇಷನ್ 3 ಆಡುತ್ತಿದ್ದಂತೆಯೇ ಕಾದು ನಿಂತುಹೋದಾಗಲೂ ಹಾಗೇ ಆಯಿತು. ಆಗಷ್ಟೇ ಎಸ್.ಎಸ್.ಎಲ್.ಸಿ. ಮುಗಿಸಿದ್ದ ಹುಡುಗ. ಯಂತ್ರವನ್ನು ಒಳಗಿನಿಂದ ನಡೆಸುವ ಸಾಫ್ಟ್‌ವೇರಿಗೆ ಫರ್ಮ್‌ವೇರ್ ಎನ್ನುತ್ತಾರೆ. ಕಂಪನಿಯದನ್ನು ತೆಗೆದು, ಹೊರಗಿನವರು ತಿದ್ದಿದ ಕಸ್ಟಮ್ ಫರ್ಮ್‌ವೇರ್ ಹಾಕಿದ್ದ. ಅಂಗಡಿಯವನು ಮುಚ್ಚಳವನ್ನೂ ಬಿಚ್ಚದೆ, “ಅದನ್ನ ಹಾಕಿದ್ದಕ್ಕೇ ಮೇಡಂ ಸುಟ್ಟಿರೋದು” ಎಂದ. ನಮ್ಮ ಮನೆಯವರು ತಲೆಯಾಡಿಸಿದರು. ತರಗತಿಯಲ್ಲಿ ಕಾರ್ಯಕಾರಣ ಸಂಬಂಧ ಬೋಧಿಸುವ ನಾನು ಮಗನಿಗೆ ಎರಡು ಬಾರಿಸಿದೆ.

ಫರ್ಮ್‌ವೇರಿನಿಂದ ಯಂತ್ರ ಬಿಸಿಯಾಗುವುದೇ ಇಲ್ಲವೆಂದು ನಾನು ಹೇಳುವುದಿಲ್ಲ. ಪ್ರೊಸೆಸರನ್ನು ಹೆಚ್ಚು ವೇಗವಾಗಿ ಓಡಿಸಿದರೆ, ಫ್ಯಾನಿನ ವೇಗ ತಗ್ಗಿಸಿದರೆ ಕಾವು ಏರುತ್ತದೆ. ಆದರೆ ಅಡುಗೆಯವರು ಬದಲಾದ ಮಾತ್ರಕ್ಕೆ ಒಲೆಯ ಉರಿ ಹೆಚ್ಚುತ್ತದೆಯೇ? ಸೋನಿಯ ಪಿಎಸ್‌ಪಿಯ ಕತೆ ಕೇಳಿ. ಅದರ ಪ್ರೊಸೆಸರ್ 333 ಮೆಗಾಹರ್ಟ್ಸ್ ಓಡಬಲ್ಲದು. ಕಂಪನಿ ಆಟಗಳಿಗೆ 222ರ ಮಿತಿ ಹಾಕಿತ್ತು. ಕಸ್ಟಮ್ ಫರ್ಮ್‌ವೇರಿನವರು ಆ ಕಟ್ಟು ಬಿಚ್ಚಿದರು. 2007ರಲ್ಲಿ ಸೋನಿಯೇ ತನ್ನ 3.50 ಫರ್ಮ್‌ವೇರಿನಲ್ಲಿ ಅದೇ 333ಕ್ಕೆ ಅನುಮತಿ ಕೊಟ್ಟಿತು. ಹುಡುಗರು ಮಾಡಿದರೆ ಕಿಡಿಗೇಡಿತನ, ಕಂಪನಿ ಮಾಡಿದರೆ ಸುಧಾರಣೆ!

ಅದೇ ವರ್ಷದ ಜುಲೈನಲ್ಲಿ ಮೈಕ್ರೋಸಾಫ್ಟ್ ತನ್ನ ಎಕ್ಸ್‌ಬಾಕ್ಸ್ 360ರ ಕೆಂಪು ದೀಪದ ಕಾಯಿಲೆಗೆ ವಾರಂಟಿಯನ್ನು ಮೂರು ವರ್ಷಕ್ಕೆ ಏರಿಸಿತು. ಅದಕ್ಕಾಗಿ ಲೆಕ್ಕಕ್ಕೆ ಹಿಡಿದ ಖರ್ಚು 100 ಕೋಟಿ ಡಾಲರಿಗೂ ಹೆಚ್ಚು. ಯಾರೂ ಕೈಯಾಡಿಸದ ಯಂತ್ರಗಳವು. ಕಾದು ತಣಿದು, ಕಾದು ತಣಿದು ಒಳಗಿನ ಬೆಸುಗೆ ಬಿರುಕು ಬಿಡುತ್ತಿತ್ತು. ಆ ಮನೆಗಳ ತಾಯಂದಿರು ಯಾರಿಗೆ ಹೊಡೆಯಬೇಕಿತ್ತು, ನೀವೇ ಹೇಳಿ.

ನಮ್ಮದು ಎಲ್ಲಿತ್ತು ಗೊತ್ತೆ? ಶೋಕೇಸಿನ ಗಾಜಿನ ಬಾಗಿಲ ಹಿಂದೆ, ನಾನೇ ಹಾಕಿದ ಕ್ರೋಶಾ ಕಸೂತಿಯ ಬಟ್ಟೆಯ ಕೆಳಗೆ. ಧೂಳು ಬೀಳಬಾರದೆಂದು ಹೊದಿಸಿದ್ದು! ಹೆಬ್ಬಾಳದ ಕಡೆಯಿಂದ ಬರುವ ಧೂಳು ಬಟ್ಟೆಗೆ ಬಗ್ಗುವಂಥದಲ್ಲ. ಮೂರು ತಿಂಗಳ ನಂತರ ಎಸ್.ಪಿ. ರಸ್ತೆಯ ವಯಸ್ಸಾದ ಮೆಕ್ಯಾನಿಕ್ ಒಬ್ಬರು ಬಿಚ್ಚಿ ತೋರಿಸಿದರು. ಫ್ಯಾನಿನ ರೆಕ್ಕೆಗೆ ಹತ್ತಿಯಂತೆ ಧೂಳು ಮೆತ್ತಿತ್ತು. ಚಿಪ್ಪಿನ ಬಿಸಿಯನ್ನು ಹೊರಗೆ ದಾಟಿಸಬೇಕಾದ ಪೇಸ್ಟು ಒಣಗಿ ಸುಣ್ಣದ ಚಕ್ಕೆಯಾಗಿತ್ತು. ಪಕ್ಕದಲ್ಲಿ ನಿಂತಿದ್ದ ಮಗ ಮೆಲ್ಲಗೆ ಹೇಳಿದ: “ಬಿಸಿಯಾಗ್ತಿತ್ತು ಅಂತ ನಾನು ಅದರಲ್ಲಿ ಫ್ಯಾನ್ ಜೋರು ಮಾಡಿದ್ದೆ ಅಮ್ಮ. ಕಂಪನಿಯದರಲ್ಲಿ ಹಾಗೆ ಮಾಡಕ್ಕಾಗಲ್ಲ.”

ಕಾಸು ಕೊಡದೆ ಆಟಗಳನ್ನು ನಕಲು ಮಾಡಿಕೊಂಡದ್ದಕ್ಕೆ ಬೈದಿದ್ದರೆ ನ್ಯಾಯವಿತ್ತು. ನಾನು ಬೈದದ್ದು ಅದಕ್ಕಲ್ಲ. ಒಂದು ತಪ್ಪು ಮಾಡಿದವನ ತಲೆಗೆ ಮನೆಯ ಎಲ್ಲ ತಪ್ಪನ್ನೂ ಕಟ್ಟುವುದು ನಮಗೆ ಎಷ್ಟು ಸಲೀಸು! ಸೊಸೆಯಂದಿರಾಗಿ ಬಂದ ನಮಗೆ ಇದು ಗೊತ್ತಿಲ್ಲದ್ದೇ? ಆದರೂ ಮಾಡುತ್ತೇವೆ.

ಆಮೇಲೆ ಅವನು ನಮ್ಮ ಮನೆಯಲ್ಲಿ ಯಾವುದರ ಸ್ಕ್ರೂವನ್ನೂ ಬಿಚ್ಚಲಿಲ್ಲ. ಮೊನ್ನೆ ಯಲಹಂಕದ ಅವನ ಮನೆಗೆ ಹೋಗಿದ್ದೆ. ವೈಫೈ ಪೆಟ್ಟಿಗೆಯ ಮೇಲೆ ಯಾರೋ ಚೆಂದದ ಬಟ್ಟೆ ಹೊದಿಸಿದ್ದರು. ಯಾರೆಂದು ಕೇಳಲಿಲ್ಲ. ತೆಗೆದು ಮಡಿಸಿಟ್ಟೆ.