ಒಂದು ಅಂಕಿಯ ಕಥೆ

ಜಮಾಖರ್ಚಿನ ಪುಸ್ತಕದಲ್ಲಿ ಕಥೆಯಿಲ್ಲವೆಂದು ಹೇಳುವವರು ಅದನ್ನು ಸರಿಯಾಗಿ ಓದಿದವರಲ್ಲ. ನೂರಾರು ಸಂಸಾರಗಳ ಉಳಿತಾಯ, ಒಬ್ಬನ ದುರಾಶೆ, ಇನ್ನೊಬ್ಬನ ತಾಳ್ಮೆ ಎಲ್ಲವೂ ಅಂಕಿಗಳ ಸಾಲಿನಲ್ಲಿಯೇ ಅಡಗಿರುತ್ತವೆ. ಕಾಣಬಲ್ಲ ಕಣ್ಣು ಬೇಕು, ಅಷ್ಟೆ. ಅಂಥ ಕಣ್ಣುಳ್ಳವರಲ್ಲಿ ಒಬ್ಬನು ಲಂಡನ್ನಿನ ವಿಲಿಯಂ ವೆಲ್ಚ್ ಡೆಲಾಯ್ಟ್.

1818ರಲ್ಲಿ ಹುಟ್ಟಿದ ಈತನು 15ನೆಯ ವಯಸ್ಸಿನಲ್ಲಿಯೇ ದಿವಾಳಿ ನ್ಯಾಯಾಲಯದ ಅಧಿಕಾರಿಯೊಬ್ಬನ ಕೈಕೆಳಗೆ ಕೆಲಸಕ್ಕೆ ಸೇರಿದನು. ಮುರಿದುಬಿದ್ದ ವ್ಯಾಪಾರಿಯ ಸೊತ್ತನ್ನು ವಶಕ್ಕೆ ತೆಗೆದುಕೊಂಡು, ಮಾರಿ, ಬಂದ ಹಣವನ್ನು ಸಾಲ ಕೊಟ್ಟವರಿಗೆ ಹಂಚುವುದು ಆ ಅಧಿಕಾರಿಯ ಕಾರ್ಯ. ವ್ಯಾಪಾರಕ್ಕೆ ಬೆಲೆ ಕಟ್ಟುವ ವಿದ್ಯೆಗೆ ಇದಕ್ಕಿಂತ ಕಠಿಣವಾದ ಪಾಠಶಾಲೆ ಬೇರೆಲ್ಲಿದ್ದೀತು? ಪುಸ್ತಕದಲ್ಲಿ 1,000 ಪೌಂಡೆಂದು ಬರೆದ ಸರಕು ಹರಾಜಿನಲ್ಲಿ 100ಕ್ಕೂ ಹೋಗದಿರಬಹುದು. ಪುಸ್ತಕದಲ್ಲಿ ಕಾಣದೆಯೇ ಬೆಲೆಬಾಳುವ ಆಸ್ತಿಯೂ ಉಂಟು. ಹಳೆಯ ಗಿರಾಕಿಗಳು ಹಳೆಯ ಅಂಗಡಿಗೇ ಮರಳಿ ಬರುವ ಸಂಭವವೇ ‘ಗುಡ್‌ವಿಲ್’ ಎಂದು ನ್ಯಾಯಾಧೀಶ ಲಾರ್ಡ್ ಎಲ್ಡನ್ 1810ರಲ್ಲಿಯೇ ಹೇಳಿದ್ದನು. ವ್ಯಾಪಾರದ ಬೆಲೆಯಲ್ಲಿ ಒಂದು ಪಾಲು ಕಟ್ಟಡದ್ದೂ ಅಲ್ಲ, ಸರಕಿನದೂ ಅಲ್ಲ, ನಂಬಿಕೆಯದು.

1845ರಲ್ಲಿ ಡೆಲಾಯ್ಟನು ಬೇಸಿಂಗ್‌ಹಾಲ್ ಬೀದಿಯಲ್ಲಿ ಸ್ವಂತ ಕಚೇರಿ ತೆರೆದನು. ಇಂಗ್ಲೆಂಡಿಗೆ ರೈಲ್ವೆಯ ಹುಚ್ಚು ಹಿಡಿದಿದ್ದ ಕಾಲ ಅದು. ಜನರು ಕಾಣದ ಹಳಿಗಳಿಗೆ ಕಂಡ ಹಣವನ್ನೆಲ್ಲ ಸುರಿದರು. ಭ್ರಮೆ ಹರಿದ ಬಳಿಕ, ‘ನಮ್ಮ ಹಣವೆಲ್ಲಿ?’ ಎಂಬ ಪ್ರಶ್ನೆ ಎದ್ದಿತು. 1849ರಲ್ಲಿ ಗ್ರೇಟ್ ವೆಸ್ಟರ್ನ್ ರೈಲ್ವೆಯ ಲೆಕ್ಕಗಳನ್ನು ನೋಡಲು ಹೊರಗಿನ ಲೆಕ್ಕಿಗನಾಗಿ ಡೆಲಾಯ್ಟನಿಗೆ ಕರೆ ಬಂದಿತು.

ಆದರೆ ನಿಜವಾದ ಪರೀಕ್ಷೆ ಬಂದುದು 1856ರಲ್ಲಿ. ಗ್ರೇಟ್ ನಾರ್ದರ್ನ್ ರೈಲ್ವೆ ಹಂಚುತ್ತಿದ್ದ ಡಿವಿಡೆಂಡು, ಅದರ ಷೇರು ಬಂಡವಾಳಕ್ಕೆ ಸಲ್ಲಬೇಕಾದ ಮೊತ್ತಕ್ಕಿಂತ ಹೆಚ್ಚಾಗಿತ್ತು. ಕಂಪೆನಿ ಹೊರಡಿಸದ ಷೇರಿಗೆ ಲಾಭ ಪಡೆಯುತ್ತಿದ್ದವರು ಯಾರು? ವಂಚನೆಯ ಜಾಡು ಹಿಡಿಯುವ ಭಾರ ಡೆಲಾಯ್ಟನ ಪಾಲಿಗೆ ಬಂದಿತು. ಒಂದೊಂದು ವರ್ಗಾವಣೆ ಪತ್ರವನ್ನೂ ರಿಜಿಸ್ಟರಿನೊಡನೆ ಹೋಲಿಸಿ ನೋಡುವುದು ದಣಿವಿನ ಕೆಲಸ, ಬೇರೆ ದಾರಿಯಿರಲಿಲ್ಲ.

ಅಪರಾಧಿಯು ಷೇರು ರಿಜಿಸ್ಟರನ್ನು ಕಾಯಬೇಕಾದ ಲಿಯೊಪೋಲ್ಡ್ ರೆಡ್‌ಪಾತನೇ ಆಗಿದ್ದನು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು! ದಾನಧರ್ಮಗಳಿಗೆ ಹೆಸರಾಗಿದ್ದ ಗೃಹಸ್ಥನೀತ. ಅವನ ಒಂದು ಉಪಾಯವು ನಗು ಬರುವಷ್ಟು ಸರಳ: ಷೇರಿನ ಮೊತ್ತದ ಮುಂದೆ ಒಂದು ‘1’ ಸೇರಿಸುವುದು. 250 ಇದ್ದುದು 1,250 ಆಯಿತು. ಒಂದು ಗೀರಿಗೆ 1,000 ಪೌಂಡು. ಹೀಗೆ ಹೋದ ಹಣ 2 ಲಕ್ಷ ಪೌಂಡಿಗೂ ಮಿಕ್ಕಿತ್ತು. ಅಪಹರಿಸಿದುದು ಕಂಪೆನಿಯ ಹಣವೆಂದು ತೋರಿದರೂ, ನಷ್ಟವಾದುದು ಪ್ರಾಮಾಣಿಕ ಷೇರುದಾರರಿಗೆ. 1857ರಲ್ಲಿ ರೆಡ್‌ಪಾತನಿಗೆ ಆಜೀವ ಗಡೀಪಾರಿನ ಶಿಕ್ಷೆಯಾಯಿತು. ಆಸ್ಟ್ರೇಲಿಯಕ್ಕೆ ಹಡಗು ಹತ್ತಿಸಿದರು.

ಡೆಲಾಯ್ಟನು ಮುಂದೆ 40 ವರ್ಷ ದುಡಿದನು. 1880ರಲ್ಲಿ ಲೆಕ್ಕಿಗರ ಸಂಸ್ಥೆಗೆ ರಾಜಶಾಸನ ದೊರೆಯಿತು. 1888ರಲ್ಲಿ ಈತನು ಅದರ ಅಧ್ಯಕ್ಷನಾದನು. 1897ರಲ್ಲಿ ನಿವೃತ್ತನಾಗಿ ಮರುವರ್ಷವೇ ತೀರಿಕೊಂಡನು.

ಅವನ ಕಚೇರಿಯ ಸೊತ್ತನ್ನು ಅಂದು ಹರಾಜಿಗಿಟ್ಟಿದ್ದರೆ ಏನು ಬರುತ್ತಿತ್ತು? ಕೆಲವು ಮೇಜು, ಕುರ್ಚಿ, ಮಸಿಕುಡಿಕೆಗಳ ಬೆಲೆ. ಆದರೆ ಆತನ ಹೆಸರಿನ ಸಂಸ್ಥೆ ಇಂದಿಗೂ ಜಗತ್ತಿನಾದ್ಯಂತ ಲೆಕ್ಕ ನೋಡುತ್ತಿದೆ. ಅಂಕಿಯ ಮುಂದೆ ಒಂದು ಗೀರನ್ನೆಳೆದು ರೆಡ್‌ಪಾತನು ಹಣ ಮಾಡಿದನು. ಅಂಕಿಯ ಕೆಳಗೆ ರುಜು ಹಾಕಿ ಡೆಲಾಯ್ಟನು ನಂಬಿಕೆ ಗಳಿಸಿದನು. ಎರಡೂ ಲೇಖನಿಯ ಕೆಲಸವೇ. ಬೆಲೆ ಮಾತ್ರ ಬೇರೆ.