ಖಂಡಸ್ಫುಟಿತ ಜೀರ್ಣೋದ್ಧಾರ: ಬಣ್ಣದ ಗಾಜು ಕಲಿಸುವ ಪಾಠ

ಬಸದಿ, ದೇಗುಲಗಳಿಗೆ ದತ್ತಿ ಬಿಟ್ಟ ನಮ್ಮ ಶಾಸನಗಳಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಒಡೆದುದನ್ನೂ ಬಿರಿದುದನ್ನೂ ಸರಿಪಡಿಸಲೆಂದು ಪೂಜೆಯ ವೆಚ್ಚದೊಡನೆಯೇ ಭೂಮಿ ಬಿಟ್ಟವರು ನಮ್ಮ ಹಿರಿಯರು. ಈ ವಿವೇಕವು ಕಲ್ಲಿಗಷ್ಟೇ ಅಲ್ಲ, ಗಾಜಿಗೂ ಸಲ್ಲಬೇಕೆಂಬುದು ನನ್ನ ಅಭಿಪ್ರಾಯ.

ಕರ್ಜಗಿಯ ಸುತ್ತಣ ಚಾಲುಕ್ಯ ಸೀಮೆಯ ಶಿಲ್ಪಿಗಳಿಗೆ ಬೆಳಕಿನ ಕಿಂಡಿಯೆಂದರೆ ಕಲ್ಲಿನ ಜಾಲಂಧ್ರ. ಬಣ್ಣದ ಗಾಜು ನಮ್ಮ ನಾಡಿಗೆ ಬಂದುದು ಬಹಳ ತಡವಾಗಿ. 1897ರ ಬೆಂಕಿಯ ಬಳಿಕ ಹೆನ್ರಿ ಇರ್ವಿನ್ನನ ವಿನ್ಯಾಸದಲ್ಲಿ ಎದ್ದು 1912ರಲ್ಲಿ ಪೂರ್ಣಗೊಂಡ ಮೈಸೂರು ಅರಮನೆಯ ಕಲ್ಯಾಣಮಂಟಪದ ನವಿಲುಗಳು ಅದರ ಪ್ರಸಿದ್ಧ ನಿದರ್ಶನ. ಆ ಗಾಜು ಗ್ಲಾಸ್ಗೋದಿಂದ ಬಂದುದು. ನಮ್ಮ ಹಳೆಯ ಚರ್ಚುಗಳಲ್ಲಿಯೂ ಇಂತಹ ಕಿಟಕಿಗಳುಂಟು.

ಸೀಸದ ಪಟ್ಟಿಗಳಲ್ಲಿ ಕೂಡಿಸಿದ ಕಿಟಕಿಯಲ್ಲಿ ಸಾಮಾನ್ಯವಾಗಿ ಮೊದಲು ಸೋಲುವುದು ಗಾಜಲ್ಲ, ಸೀಸ. ಅದು ದಣಿದು ಬಾಗುತ್ತದೆ, ಪುಟ್ಟಿ ಒಣಗಿ ಉದುರುತ್ತದೆ, ಕಿಟಕಿ ಉಬ್ಬುತ್ತದೆ. ಸಾಂಪ್ರದಾಯಿಕ ಕುಶಲಿ ಮೊದಲು ಕಾಗದವನ್ನಿಟ್ಟು ಉಜ್ಜಿ ಇಡೀ ಕಿಟಕಿಯ ಅಚ್ಚು ತೆಗೆಯುತ್ತಾನೆ, ತುಣುಕು ತುಣುಕಿಗೂ ಸಂಖ್ಯೆ ಕೊಡುತ್ತಾನೆ. ಬಳಿಕ ಸೀಸವನ್ನು ಬಿಚ್ಚಿ, ಹಳೆಯ ಗಾಜನ್ನೇ ಹೊಸ ಪಟ್ಟಿಗಳಲ್ಲಿ ಕೂರಿಸಿ, ಸಂದುಗಳಿಗೆ ತವರ-ಸೀಸದ ಬೆಸುಗೆ ಹಾಕುತ್ತಾನೆ. ಅಗಸೆ ಎಣ್ಣೆ ಮತ್ತು ಸೀಮೆಸುಣ್ಣದ ಪುಡಿ ಕಲಸಿದ ಪುಟ್ಟಿಯನ್ನು ಪಟ್ಟಿಯಡಿಗೆ ತುಂಬುತ್ತಾನೆ. ಮುಂದಿನವರು ಮತ್ತೆ ಬಿಚ್ಚಬಹುದಾದ ಕೆಲಸವಿದು. ಗಟ್ಟಿ ಅಂಟು ಬಳಿದು ಮುಗಿಸಿದರೆ ಆ ದಾರಿ ಮುಚ್ಚಿಹೋಗುತ್ತದೆ.

ಗ್ರಂಥಸಂಪಾದನೆಯ ವಿದ್ಯಾರ್ಥಿಗಳಿಗೆ ಇದು ಪರಿಚಿತ ನೀತಿ. ಓಲೆಗರಿಯಲ್ಲಿ ತ್ರುಟಿತವಾದ ಅಕ್ಷರವನ್ನು ಸಂಪಾದಕನು ಊಹಿಸಿ ತುಂಬಬಹುದು; ಆದರೆ ಕಂಸದೊಳಗೆ ತುಂಬುತ್ತಾನೆ. ಹಾಗೆಯೇ ಹೊಸ ಗಾಜಿನ ಅಂಚಿನಲ್ಲಿ ವರ್ಷವನ್ನು ಕೊರೆಯಬೇಕು. ತನ್ನ ಊಹೆಯನ್ನು ಕವಿಯ ಪಾಠವೆಂದು ದಾಟಿಸುವ ಸಂಪಾದಕನಿಗೂ ಹೊಸ ಗಾಜನ್ನು ಹಳೆಯದೆಂದು ತೋರಿಸುವ ದುರಸ್ತಿಗಾರನಿಗೂ ಭೇದವಿಲ್ಲ.

ಇದು ನಿಧಾನ, ದುಬಾರಿ ಎಂಬ ಆಕ್ಷೇಪ ನಿಜವೇ. ಎಲ್ಲವನ್ನೂ ಹೊಸದಾಗಿಸಿದರೆ ಹೊಳಪೂ ಹೆಚ್ಚು. ಆದರೆ ಕೈಯಿಂದ ಊದಿ ಮಾಡಿದ ಗಾಜಿನ ಗುಳ್ಳೆ, ದಪ್ಪದ ಏರುಪೇರು, ಕುಲುಮೆಯಲ್ಲಿ ಸುಟ್ಟ ರೇಖೆ ಇವೆಲ್ಲ ಆ ಕಾಲದ ಲಿಪಿ. ಅಳಿಸಿದರೆ ಇನ್ನೊಂದು ಪ್ರತಿ ಸಿಗದು.

ಆದುದರಿಂದ ಕಟ್ಟಡ ಕಟ್ಟಿಸುವವರೂ ಕಾಯುವವರೂ ಉದ್ಘಾಟನೆಯ ವೆಚ್ಚದೊಡನೆ ದುರಸ್ತಿಗೂ ನಿಧಿಯೊಂದನ್ನು ಇರಿಸಲಿ. ಕಿಟಕಿಯ ಅಚ್ಚು, ದುರಸ್ತಿಯ ವಿವರಗಳು ಆ ಕಟ್ಟಡದಲ್ಲಿಯೇ ಉಳಿಯಲಿ. ಶಾಸನ ಬರೆಸಿದವರು ಇಷ್ಟನ್ನು ಎಂದೋ ಬಲ್ಲರು.