ಪೆನ್ಸಿಲ್ವೇನಿಯಾದ ಬಾವಿ, ಕ್ಯಾಂಡಿಡೇಟಿನ ಬಾಯಿ | ಭಾಗ 3

ಹಿಂದಿನ ಪೋಸ್ಟ್ ಕೆಳಗೆ ಒಬ್ರು ಕೇಳಿದ್ರು: ಕಮಲಾ ಹ್ಯಾರಿಸ್ ಮನಸ್ಸು ಬದಲಾಯಿಸಿದ್ರೆ ತಪ್ಪೇನು? ಬದಲಾಯಿಸಿದ್ದು ತಪ್ಪಲ್ಲ ಗುರು. ಕಾರಣ ಸರಿಯಾಗಿ ಹೇಳದೇ ಇದ್ದದ್ದು ತಪ್ಪು.

2019ರಲ್ಲಿ ಪಕ್ಷದ ಟಿಕೆಟ್‌ಗೆ ಓಡಾಡ್ತಿದ್ದಾಗ ಫ್ರ್ಯಾಕಿಂಗ್ ನಿಷೇಧಕ್ಕೆ ಜೈ. 2024ರಲ್ಲಿ ನಿಷೇಧ ಮಾಡಲ್ಲ, ಆದ್ರೆ ನನ್ನ ಮೌಲ್ಯ ಬದಲಾಗಿಲ್ಲ ಅಂದ್ರು. ಮಧ್ಯದಲ್ಲಿ ಇರೋದು ಪೆನ್ಸಿಲ್ವೇನಿಯಾ, 19 ಎಲೆಕ್ಟೋರಲ್ ವೋಟು.

ಟ್ರಂಪ್ ಏನು ಕಮ್ಮಿ ಇಲ್ಲ. ಹ್ಯಾರಿಸ್ ಗೆದ್ರೆ ಮೊದಲ ದಿನವೇ ಪೆನ್ಸಿಲ್ವೇನಿಯಾದಲ್ಲಿ ಫ್ರ್ಯಾಕಿಂಗ್ ಬಂದ್ ಅಂತ ಸೆಪ್ಟೆಂಬರ್ 10ರ ಡಿಬೇಟಲ್ಲಿ ಹೆದರಿಸಿದ್ರು. ಅಧ್ಯಕ್ಷರಿಗೆ ಆ ಅಧಿಕಾರವೇ ಇಲ್ಲ! ಕೇಂದ್ರ ಸರ್ಕಾರದ ಜಮೀನಿನ ಹೊಸ ಲೀಸ್ ನಿಲ್ಲಿಸಬಹುದು, ಅಷ್ಟೇ. ಪೆನ್ಸಿಲ್ವೇನಿಯಾದ ಗ್ಯಾಸ್ ಬಹುಪಾಲು ಖಾಸಗಿ ಜಮೀನಿನ ಅಡಿ ಇದೆ. ಪೂರ್ತಿ ನಿಷೇಧಕ್ಕೆ ಸಂಸತ್ತು ಕಾನೂನು ಮಾಡ್ಬೇಕು. ಅಂದ್ರೆ ಆ ಕುರ್ಚಿಯಿಂದ ಆಗದೇ ಇರೋ ಕೆಲಸವನ್ನ ಒಬ್ರು ಮಾಡಲ್ಲ ಅಂತ ಆಣೆ ಇಟ್ರು, ಇನ್ನೊಬ್ರು ಅವರು ಮಾಡೇ ಮಾಡ್ತಾರೆ ಅಂತ ಕೂಗಿದ್ರು. ನಾವು ರೀಲ್ಸ್ ನೋಡಿದ್ವಿ.

ಕೇಳಬೇಕಾಗಿದ್ದ ಪ್ರಶ್ನೆ ಬೇರೆ. ಫ್ರ್ಯಾಕಿಂಗ್ ಅಂದ್ರೆ ನೆಲದಾಳಕ್ಕೆ ಕೊರೆದು, ನೀರು, ಮರಳು, ಕೆಮಿಕಲ್ ಒತ್ತಡದಲ್ಲಿ ನುಗ್ಗಿಸಿ ಕಲ್ಲು ಸೀಳೋದು. 2005ರ ಇಂಧನ ಕಾಯ್ದೆ ಇದನ್ನ (ಡೀಸೆಲ್ ಬಳಸಿದ್ರೆ ಬಿಟ್ಟು) ಕುಡಿಯೋ ನೀರಿನ ಸುರಕ್ಷತಾ ಕಾನೂನಿಂದ ಹೊರಗಿಟ್ಟಿದೆ. ಆ ವಿನಾಯಿತಿ ಇರಲೋ ಬೇಡವೋ? ಡಿಬೇಟಲ್ಲಿ ಸೊಲ್ಲೇ ಇಲ್ಲ. ಅದೇ ರಾಜ್ಯದ ಡಿಮೋಕ್ ಅನ್ನೋ ಊರಲ್ಲಿ ಮನೆ ಬಾವಿಗಳಿಗೆ ಮೀಥೇನ್ ಸೇರಿತ್ತು. ಗ್ಯಾಸ್ ಕಂಪನಿ ಕೋರ್ಟಲ್ಲಿ ಆರೋಪವನ್ನ ಪ್ರಶ್ನಿಸಲ್ಲ ಅಂದಿದ್ದು 2022ರಲ್ಲಿ, ಹತ್ತು ವರ್ಷಕ್ಕೂ ಮೇಲೆ. ಆಗ ಪೈಪ್‌ಲೈನ್ ನೀರಿಗೆ ದುಡ್ಡು ಕೊಡೋಕೆ ಒಪ್ಕೊಳ್ತು.

ಜಮೀನು ಲೀಸ್ ಕೊಟ್ಟವರಿಗೆ ರಾಯಲ್ಟಿ ಬರುತ್ತೆ, ಊರುಗಳಿಗೆ ಶುಲ್ಕದ ಪಾಲು ಸಿಗುತ್ತೆ, ಕೆಲಸವೂ ಇದೆ. ಸುಳ್ಳಲ್ಲ. ಬಿಕಾಂ ಓದ್ತಿರೋಳು ನಾನು, ಆದಾಯ ನೋಡಿ ಮೂಗು ಮುರಿಯಲ್ಲ. ಆದ್ರೆ ಆದಾಯ ಮಾತ್ರ ಬರೆದು ಖರ್ಚಿನ ಕಡೆ ಖಾಲಿ ಬಿಟ್ರೆ ನಮ್ಮ ಅಕೌಂಟ್ಸ್ ಮೇಡಂ ಸೊನ್ನೆ ಹಾಕ್ತಾರೆ. ಬಾವಿ ನೀರು ಯಾವ ಕಾಲಮ್ಮು?

ನಿಷೇಧ ಮಾಡಿದವರನ್ನೂ ಹೊಗಳಬೇಡಿ ಈಗ್ಲೇ. ನ್ಯೂಯಾರ್ಕ್ ಗವರ್ನರ್ ಆಂಡ್ರ್ಯೂ ಕುವೊಮೊ ಅಧ್ಯಯನ ನಡೀತಿದೆ ಅಂತ ವರ್ಷಗಟ್ಟಲೆ ತಳ್ಳಿದ್ರು. 2014ರ ನವೆಂಬರಲ್ಲಿ ಮತ್ತೆ ಗೆದ್ರು. ನಿಷೇಧ ಘೋಷಿಸಿದ್ದು ಡಿಸೆಂಬರಲ್ಲಿ. ವೋಟ್ ಹಾಕೋವಾಗ ಜನರಿಗೆ ಉತ್ತರ ಗೊತ್ತಿರಲಿಲ್ಲ.

ಭಾಗ 4: ಬ್ರಿಟನ್‌ನಲ್ಲಿ 2019ರ ಚುನಾವಣೆಗೆ ಆರು ವಾರ ಇರೋವಾಗ ಫ್ರ್ಯಾಕಿಂಗ್ ನಿಂತ ಕಥೆ. ಸೇವ್ ಮಾಡ್ಕೊಳಿ, ಜಗಳ ಇದ್ರೆ ಕಾಮೆಂಟಲ್ಲಿ ಬನ್ನಿ 👇

#ಫ್ರ್ಯಾಕಿಂಗ್ #ವೋಟಿನಲೆಕ್ಕ #ಕನ್ನಡದಲ್ಲಿ